ಬೇರುಗಂಟಿಗೆ ಸುಗಂಧ ಎಣ್ಣೆ ಕೊಳ್ಳುವ ಮುಂಚೆ ಇದನ್ನು ಓದಿ

ಬದನೆ, ಟೊಮ್ಯಾಟೊ, ಮೆಣಸಿನಕಾಯಿ ಬೆಳೆಯುವ ನಮ್ಮ ಕಲಬುರಗಿ ಕಡೆಯ ರೈತರಿಗಾಗಿ ಬರೆಯುತ್ತಿದ್ದೇನೆ. ಬೇರುಗಂಟು ಹುಳಕ್ಕೆ (ಮಣ್ಣಿನಲ್ಲಿದ್ದು ಬೇರಿಗೆ ಗಂಟು ತರುವ ಸಣ್ಣ ಜಂತುಹುಳ, ನೆಮಟೋಡ್) ಅಂತ ಗಿಡದ ಎಣ್ಣೆಯ ಬಾಟಲಿ ಹಿಡಿದುಕೊಂಡು ಯಾರಾದರೂ ಹೊಲಕ್ಕೆ ಬಂದರೆ, ದಯವಿಟ್ಟು ಅವತ್ತೇ ದುಡ್ಡು ಕೊಡಬೇಡಿ. ನಾನು ಕೊಟ್ಟೆ. ನಾಲ್ಕು ಬಾಟಲಿಗೆ 7,400 ರೂಪಾಯಿ ಹೋಯಿತು, ಏಳು ಸಾಲು ಬದನೆಯೂ ಹೋಯಿತು.

ನಮ್ಮದು ಆಳಂದ ತಾಲ್ಲೂಕು, ಎರೆ ಭೂಮಿ. 20 ಗುಂಟೆಗೆ ಡ್ರಿಪ್ ಹಾಕಿ ಬದನೆ ಹಚ್ಚಿದ್ದೆ. ಹೂ ಬಿಡುವ ಹೊತ್ತಿಗೆ ಗಿಡಗಳು ಮಧ್ಯಾಹ್ನ ಬಾಡೋದು, ಸಂಜೆ ಮತ್ತೆ ಎದ್ದು ನಿಲ್ಲೋದು ಶುರುವಾಯಿತು. ನೀರು ಸಾಲುತ್ತಿಲ್ಲ ಅಂತ ಇನ್ನೂ ಜಾಸ್ತಿ ಬಿಟ್ಟೆ. ಕೊನೆಗೆ ಒಂದು ಗಿಡ ಕಿತ್ತು ಬೇರು ತೊಳೆದು ನೋಡಿದರೆ, ಉದ್ದಕ್ಕೂ ಮಣಿ ಪೋಣಿಸಿದ ಹಾಗೆ ಗಂಟು. ತೊಗರಿ ಬೇರಿನಲ್ಲೂ ಗಂಟು ಇರುತ್ತದೆ ಅಲ್ವಾ, ಅದು ಒಳ್ಳೆಯದು, ಉಗುರು ತಾಗಿಸಿದರೆ ಉದುರುತ್ತದೆ. ಇದು ಉದುರುವುದಿಲ್ಲ. ಬೇರೇ ಊದಿಕೊಂಡಿರುತ್ತದೆ, ಹೆಣ್ಣು ಹುಳ ಅದರೊಳಗೆ ಕೂತಿರುತ್ತದೆ.

ಅದೇ ವಾರ ಒಬ್ಬರು ಬೈಕಿನಲ್ಲಿ ಬಂದರು. “ಅಣ್ಣಾರ, ಇದು ವಿಷ ಅಲ್ರಿ. ಲವಂಗ, ಅಜವಾನದ ಎಣ್ಣಿ ಅದ. ಮೂರು ದಿನದಾಗ ಗಂಟು ಕರಗಿ ಹೋಗ್ತದ ನೋಡ್ರಿ” ಅಂದು ಮೊಬೈಲ್‌ನಲ್ಲಿ ವಿಡಿಯೊ ತೋರಿಸಿದರು. ಗಾಜಿನ ತಟ್ಟೆಯ ನೀರಿನಲ್ಲಿ ಹುಳ ಹೊರಳಾಡುತ್ತಿತ್ತು. ಒಂದು ಹನಿ ಬಿಟ್ಟ ಮೇಲೆ ನಿಧಾನಕ್ಕೆ ಸೆಟೆದು ನಿಂತಿತು. ನಮ್ಮ ಕಡೆ ಬೆಳೆಗೆ ಹೊಡೆಯುವ ಔಷಧಕ್ಕೆಲ್ಲ ‘ಎಣ್ಣಿ’ ಅಂತಲೇ ಹೆಸರು. ನನಗೂ ನಂಬಿಕೆ ಬಂತು.

ಆ ವಿಡಿಯೊ ಸುಳ್ಳಲ್ಲ, ಮೋಸ ಹೋಗೋದು ಅಲ್ಲೇ. ಲವಂಗದ ಎಣ್ಣೆಯಲ್ಲಿರುವ ಯೂಜೆನಾಲ್, ಅಜವಾನದ ಎಣ್ಣೆಯಲ್ಲಿರುವ ಥೈಮಾಲ್ ಅನ್ನುವ ಅಂಶಗಳು ನೀರಿನಲ್ಲಿರುವ ಮರಿಹುಳವನ್ನು ನಿಜವಾಗಲೂ ಕೊಲ್ಲುತ್ತವೆ. ಆ ಮರಿ ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ. ಆದರೆ ಹೊಲಕ್ಕೆ ಬಿಟ್ಟಾಗ ಎರೆ ಮಣ್ಣಿನ ಜಿಗುಟೇ ಎಣ್ಣೆಯನ್ನು ಹೀರಿ ಹಿಡಿದುಕೊಳ್ಳುತ್ತದೆ, ಇನ್ನಷ್ಟು ಆವಿಯಾಗಿ ಹೋಗುತ್ತದೆ. ಬೇರಿನೊಳಗೆ ಕೂತ ಹೆಣ್ಣಿನ ತನಕ ಅದು ಮುಟ್ಟುವುದೇ ಕಷ್ಟ. ಮೊಟ್ಟೆಗಳೋ, ಲೋಳೆಯ ಉಂಡೆಯೊಳಗೆ ನೂರಾರು ಒಟ್ಟಿಗೆ ಇರುತ್ತವೆ. ಬೆಚ್ಚಗಿನ ಮಣ್ಣಿನಲ್ಲಿ ಒಂದು ತಿಂಗಳೊಳಗೆ ಹೊಸ ತಲೆಮಾರು ತಯಾರು.

ಇನ್ನು ನನ್ನ ಹೊಲದಲ್ಲಿ ಆಗಿದ್ದು ಹೇಳುತ್ತೇನೆ. 200 ಲೀಟರ್ ಡ್ರಮ್ಮಿಗೆ ಸುಮ್ನೆ ಸುರಿದು ಕಲಸಿ ಅಂದಿದ್ದರು, ಹಾಗೇ ಮಾಡಿದೆ. ಕೋಲು ತೆಗೆದ ಸ್ವಲ್ಪ ಹೊತ್ತಿಗೆ ಎಣ್ಣೆ ಮೇಲೆ ತೇಲಿ ಬಂತು, ಬಿಸಿಲಿಗೆ ಬಣ್ಣಬಣ್ಣವಾಗಿ ಹೊಳೆಯುತ್ತಿತ್ತು. ಎಣ್ಣೆಯನ್ನು ನೀರಿನಲ್ಲಿ ಬೆರೆಯುವಂತೆ ಮಾಡುವ ಪದಾರ್ಥ (ಎಮಲ್ಸಿಫೈಯರ್) ಬೇಕಿತ್ತು ಅಂತ ಆಮೇಲೆ ತಿಳಿಯಿತು. ಪಂಪ್ ಎಳೆಯುವುದು ಡ್ರಮ್ಮಿನ ತಳದಿಂದ. ಮೊದಲ ವಾಲ್ವುಗಳಿಗೆ ಬರೀ ನೀರು ಹೋಯಿತು, ತೇಲಿದ ಎಣ್ಣೆಯೆಲ್ಲ ಕಡೇ ವಾಲ್ವಿನ ಏಳು ಸಾಲಿಗೆ ಇಳಿಯಿತು. ಹಲ್ಲುನೋವಿಗೆ ಹತ್ತಿಯಲ್ಲಿ ಅದ್ದಿ ಇಡುತ್ತೇವಲ್ಲ, ಆ ವಾಸನೆ ಹೊಲದ ತುಂಬ. ಮೂರನೇ ದಿನ ಆ ಸಾಲುಗಳ ಎಲೆಯಂಚು ಸುಟ್ಟಿತ್ತು, ಬೇರಿನ ತುದಿ ಕಂದಾಗಿತ್ತು. ಲವಂಗದ ಎಣ್ಣೆಯನ್ನು ಕಳೆ ಸುಡಲಿಕ್ಕೂ ಬಳಸುತ್ತಾರಂತೆ, ಇನ್ನು ಬದನೆ ತಡೆಯುತ್ತದೆಯೇ? ಉಳಿದ ಸಾಲುಗಳಲ್ಲಿ ಗಂಟು ಇದ್ದ ಹಾಗೇ ಇತ್ತು.

ಫೋನ್ ಮಾಡಿದೆ. “ಡೋಸ್ ಜಾಸ್ತಿ ಆಗಿರಬೇಕ್ರಿ” ಅಂದರು. ಮರುದಿನದಿಂದ ಎತ್ತಲೇ ಇಲ್ಲ.

ಆಮೇಲೆ ಬಾಟಲಿ ಲೇಬಲ್ ಓದಿದೆ. ಅದನ್ನು ಕೊಳ್ಳುವಾಗಲೇ ಓದಬೇಕಿತ್ತು. ಹುಳ ಕೊಲ್ಲುವ ಔಷಧ ಅಂತ ಮಾರಬೇಕಾದರೆ 1968ರ ಕೀಟನಾಶಕ ಕಾಯ್ದೆ ಪ್ರಕಾರ ನೋಂದಣಿ ಬೇಕು, ಆ ಸಂಖ್ಯೆ ಲೇಬಲ್ ಮೇಲೆ ಇರಬೇಕು. ಇದರ ಮೇಲೆ ಇರಲಿಲ್ಲ. ಯಾವ ಬೆಳೆಗೆ, ಎಕರೆಗೆ ಎಷ್ಟು ಅನ್ನುವುದೂ ಇರಲಿಲ್ಲ. ಬಿಲ್ ಸಹ ನಾನು ಕೇಳಿರಲಿಲ್ಲ, ಹಾಗಾಗಿ ದೂರು ಕೊಡಲಿಕ್ಕೆ ಕೈಯಲ್ಲಿ ಏನೂ ಉಳಿಯಲಿಲ್ಲ.

ನಿಮ್ಮ ಗಿಡಗಳೂ ಮಧ್ಯಾಹ್ನ ಬಾಡುತ್ತಿದ್ದರೆ, ಬೇರು ಮತ್ತು ಬೇರಿನ ಪಕ್ಕದ ಹಸಿ ಮಣ್ಣನ್ನು ಚೀಲಕ್ಕೆ ಹಾಕಿಕೊಂಡು ಮೊದಲು ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ. ನರ್ಸರಿಯಿಂದ ಸಸಿ ತರುವಾಗ ನಾಲ್ಕೈದು ಸಸಿಯ ಬೇರು ತೊಳೆದು ನೋಡಿ, ಹುಳ ಎಷ್ಟೋ ಸಲ ಅಲ್ಲಿಂದಲೇ ಬರುತ್ತದೆ. ನಾನೀಗ ರೋಗದ ಗಿಡಗಳನ್ನು ಬೇರು ಸಮೇತ ಕಿತ್ತು ಸುಟ್ಟಿದ್ದೇನೆ. ಏಪ್ರಿಲ್‌ನಲ್ಲಿ ಆಳವಾಗಿ ನೇಗಿಲು ಹೊಡೆಸಿ, ನೀರು ಹಾಯಿಸಿ, ಪಾರದರ್ಶಕ ಪ್ಲಾಸ್ಟಿಕ್ ಆರು ವಾರ ಹೊದಿಸುತ್ತೇನೆ. ಮಣ್ಣು ಕಾದು ಹುಳ ಸಾಯಲಿಕ್ಕೆ ನಮ್ಮ ಬಿಸಿಲು ಸಾಕು. ಆಮೇಲೆ ಬೇವಿನ ಹಿಂಡಿ ಕೊಟ್ಟು ಒಂದು ಬೆಳೆ ಚೆಂಡು ಹೂ.

ಒಂದು ಬಾಟಲಿ ಒಡೆಯದೆ ಮನೆಯಲ್ಲೇ ಇದೆ. ನಮ್ಮೂರ ಕಡೆ ಬಂದವರು ಲೇಬಲ್ ನೋಡಿಕೊಂಡು ಹೋಗಬಹುದು.