ಟೈಟೇನಿಯಂ ಪಾಲಿಷಿಂಗ್‌ಗೆ ಓಪಿ-ಎಸ್: ದ್ರವ ಒಳ್ಳೆಯದೇ, ತೊಳೆಯುವುದನ್ನು ಕಲಿಯಬೇಕು

ಲೋಹದ ಹರಳುಗಳ ದಿಕ್ಕನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಅಳೆಯುವ ಇಬಿಎಸ್‌ಡಿಗೆ ಸಿಗ್ನಲ್ ಬರುವುದು ಮೇಲ್ಮೈಯ ಕೆಲವೇ ಹತ್ತು ನ್ಯಾನೋಮೀಟರ್ ಆಳದಿಂದ. ಶೇ 6 ಅಲ್ಯೂಮಿನಿಯಂ, ಶೇ 4 ವೆನಾಡಿಯಂ ಇರುವ ಟೈಟೇನಿಯಂ ಮಿಶ್ರಲೋಹವನ್ನು 1 ಮೈಕ್ರಾನ್ ಡೈಮಂಡ್‌ವರೆಗೆ ತಿಕ್ಕಿದರೂ ಆ ಪದರದಲ್ಲಿ ವಿರೂಪ ಉಳಿದಿರುತ್ತದೆ. ಕಣ್ಣಿಗೆ ಕನ್ನಡಿಯಂತೆ ಕಂಡ ಸ್ಯಾಂಪಲ್ ಮೈಕ್ರೋಸ್ಕೋಪಿನಲ್ಲಿ ಇಂಡೆಕ್ಸ್ ಆಗದಿರುವುದು (ಹರಳಿನ ದಿಕ್ಕು ಗುರುತಿಗೆ ಸಿಗದಿರುವುದು) ಇದರಿಂದಲೇ.

ಸ್ಟ್ರೂಯರ್ಸ್ ಕಂಪನಿಯ ಪಾಲಿಷಿಂಗ್ ದ್ರವ ಓಪಿ-ಎಸ್ ಈ ಪದರವನ್ನು ಚೆನ್ನಾಗಿ ತೆಗೆಯುತ್ತದೆ. 0.04 ಮೈಕ್ರಾನ್ ಸಿಲಿಕಾ ಕಣಗಳಿರುವ ಕ್ಷಾರೀಯ ದ್ರವ ಇದು, ಪಿಎಚ್ ಸುಮಾರು 9.8. ಟೈಟೇನಿಯಂಗೆ ಇದನ್ನು ಹಾಗೇ ಬಳಸಿದರೆ ಕೆಲಸ ತೀರಾ ನಿಧಾನ. 90 ಮಿ.ಲೀ. ಓಪಿ-ಎಸ್‌ಗೆ ಶೇ 30ರ ಹೈಡ್ರೋಜನ್ ಪೆರಾಕ್ಸೈಡ್ 10 ಮಿ.ಲೀ. ಬೆರೆಸಬೇಕು. ಪೆರಾಕ್ಸೈಡ್ ಮೇಲ್ಮೈಯನ್ನು ಆಕ್ಸೈಡ್ ಮಾಡುತ್ತಾ ಹೋಗುತ್ತದೆ, ಸಿಲಿಕಾ ಅದನ್ನು ಒರೆಸುತ್ತಾ ಬರುತ್ತದೆ. ಬೇಕಾದಷ್ಟನ್ನೇ ಆಗಿಂದಾಗ್ಗೆ ಬೆರೆಸಿ. ಮಿಕ್ಕಿದ್ದನ್ನು ಬಿಗಿ ಮುಚ್ಚಳದ ಬಾಟಲಿಯಲ್ಲಿ ಇಡಲೇಬೇಡಿ: ಪೆರಾಕ್ಸೈಡ್ ಒಡೆದು ಅನಿಲ ಕಟ್ಟಿಕೊಳ್ಳುತ್ತದೆ. ನೈಟ್ರೈಲ್ ಕೈಗವಸು, ಕನ್ನಡಕ ಇರಲೇಬೇಕು.

320 ಗ್ರಿಟ್ ಎಮರಿ ಪೇಪರ್, 9 ಮೈಕ್ರಾನ್ ಡೈಮಂಡ್, ಆಮೇಲೆ ನೇರ ಓಪಿ-ಎಸ್. ನಡುವಿನ 3, 1 ಮೈಕ್ರಾನ್ ಹಂತಗಳನ್ನು ಬಿಡಬಹುದು. ಮೆದು ರಂಧ್ರಯುಕ್ತ ಬಟ್ಟೆ, ಕಡಿಮೆ ಒತ್ತಡ, ಕನಿಷ್ಠ 10 ನಿಮಿಷ. ಸಾಕೋ ಇಲ್ಲವೋ ಎಂದು ತಿಳಿಯಲು ಎಚ್ಚಿಂಗ್ (ಆಮ್ಲದಿಂದ ಮೇಲ್ಮೈ ಕೊರೆದು ರಚನೆ ಕಾಣಿಸುವುದು) ಬೇಕಿಲ್ಲ. ಧ್ರುವೀಕೃತ ಬೆಳಕಿನಲ್ಲಿ ಟೈಟೇನಿಯಂನ ಆಲ್ಫಾ ರೂಪದ ಹರಳುಕಣಗಳು ಬೇರೆ ಬೇರೆ ಛಾಯೆಯಲ್ಲಿ ಕಾಣಬೇಕು. ಗೀರುಗಳ ಗುಂಟ ಸೂಜಿಯಂಥ ಟ್ವಿನ್‌ಗಳು (ಒತ್ತಡಕ್ಕೆ ಹರಳಿನೊಳಗೆ ದಿಕ್ಕು ಬದಲಿಸಿದ ಪಟ್ಟಿಗಳು) ಕಂಡರೆ ಹಿಂದಿನ ಹಂತದ ಹಾನಿ ಇನ್ನೂ ಇದೆ.

ಹೆಚ್ಚಿನವರು ಎಡವುವುದು ಕೊನೆಯ ಅರ್ಧ ನಿಮಿಷದಲ್ಲಿ. ಯಂತ್ರ ನಿಲ್ಲಿಸುವ ಮೊದಲೇ, ತಿರುಗುತ್ತಿರುವ ಬಟ್ಟೆಯ ಮೇಲೆ ನೀರು ಬಿಡಬೇಕು. ಸಿಲಿಕಾ ಸ್ಯಾಂಪಲ್ ಮೇಲೆ ಒಣಗಿತೋ, ಬಿಳಿ ಪೊರೆ ಕಟ್ಟುತ್ತದೆ, ಎಥನಾಲ್‌ಗೂ ಜಗ್ಗುವುದಿಲ್ಲ. ಮತ್ತೆ ಪಾಲಿಷ್ ಮಾಡುವುದೇ ದಾರಿ. ಬಟ್ಟೆಯಲ್ಲಿ ಒಣಗಿದರೆ ಹರಳುಗಟ್ಟಿ ಮುಂದಿನ ಸ್ಯಾಂಪಲನ್ನೆಲ್ಲ ಗೀರುತ್ತದೆ. ಅಂಥ ಬಟ್ಟೆಯನ್ನು ಎಸೆಯಿರಿ. ಬಾಟಲಿಯ ಬಾಯಿಯ ಹರಳುಗಳನ್ನೂ ಒರೆಸಿಯೇ ಸುರಿಯಿರಿ. ಓಪಿ-ಎಸ್ ಅನ್ನು ಫ್ರೀಜರ್‌ನಲ್ಲಿ ಇಟ್ಟರೆ ಗಟ್ಟಿಯಾಗಿ ಹಾಳಾಗುತ್ತದೆ, ಮತ್ತೆ ಸರಿಹೋಗುವುದಿಲ್ಲ.

ಪರ್ಕ್ಲೋರಿಕ್ ಆಮ್ಲದ ಎಲೆಕ್ಟ್ರೋಪಾಲಿಷಿಂಗ್ (ವಿದ್ಯುತ್ ಹರಿಸಿ ಮೇಲ್ಮೈ ಕರಗಿಸುವ ವಿಧಾನ) ಇದಕ್ಕಿಂತ ಬೇಗ ಮುಗಿಯುತ್ತದೆ, ನಿಜ. ಆದರೆ ದ್ರಾವಣವನ್ನು ಸೊನ್ನೆಗಿಂತ ಬಹಳ ಕೆಳಗೆ ತಂಪಾಗಿಡಬೇಕು, ಸ್ಫೋಟದ ಅಪಾಯವೂ ಇದೆ. ಹೊಸ ವಿದ್ಯಾರ್ಥಿಯ ಕೈಗೆ ಕೊಡುವುದಾದರೆ ಓಪಿ-ಎಸ್ ಬಾಟಲಿಯೇ ವಾಸಿ.

ನಿಕ್ಕಲ್ ಮಿಶ್ರಲೋಹವಾದ ಇನ್‌ಕೊನೆಲ್ 718ಕ್ಕೂ ಇದು ಒಪ್ಪುತ್ತದೆ, ಪೆರಾಕ್ಸೈಡ್ ಇಲ್ಲದೆ. ಅಲ್ಲಿ ಹೆಚ್ಚು ಹೊತ್ತು ತಿಕ್ಕಬಾರದು: ಗಟ್ಟಿಯಾದ ನಯೋಬಿಯಂ ಕಾರ್ಬೈಡ್‌ಗಳು ಸವೆಯದೆ ಗುಬುಟಾಗಿ ನಿಂತು, ಸುತ್ತಲಿನ ಇಬಿಎಸ್‌ಡಿ ಪ್ಯಾಟರ್ನ್‌ಗೆ (ಚದುರಿದ ಎಲೆಕ್ಟ್ರಾನ್‌ಗಳು ಮೂಡಿಸುವ ಚಿತ್ರಕ್ಕೆ) ನೆರಳು ಹಾಕುತ್ತವೆ.