ಹಣೆಗೆ ಹಿಡಿಯುವ ಥರ್ಮಾಮೀಟರ್: ಆರು ತಿಂಗಳು ಬಳಸಿದ ಮೇಲೆ

ಮುಟ್ಟದೆ ಜ್ವರ ನೋಡಬಹುದು ಎಂಬ ಒಂದೇ ಆಸೆಗೆ ಇದನ್ನು ತಗೊಂಡೆ. ಮಲಗಿದ ಮಗುವನ್ನು ಎಬ್ಬಿಸಬೇಕಿಲ್ಲ, ಒಂದು ಸೆಕೆಂಡಿನಲ್ಲಿ ಬೀಪ್, ಅಷ್ಟೇ. ಆ ವಿಷಯದಲ್ಲಿ ದೂರಿಲ್ಲ.

ಆದರೆ ಒಂದು ರಾತ್ರಿ ಮಗಳ ಮೈ ಸುಡುತ್ತಿತ್ತು, ಇದು 99 ತೋರಿಸಿತು, ಮತ್ತೆ ಹಿಡಿದರೆ 101, ಇನ್ನೊಮ್ಮೆ 99.6! ಹಣೆ ಬೆವರಿತ್ತು, ಮೇಲೆ ಫ್ಯಾನ್ ಬೇರೆ ತಿರುಗುತ್ತಿತ್ತು. ಬೆವರು, ಗಾಳಿ, ಹಿಡಿಯುವ ದೂರ ಎಲ್ಲವೂ ಇದರ ಲೆಕ್ಕ ತಪ್ಪಿಸುತ್ತವೆ. ಕೊನೆಗೆ ಡ್ರಾಯರಿನಲ್ಲಿದ್ದ ಹಳೇ ಡಿಜಿಟಲ್ ಕಡ್ಡಿಯನ್ನು ಕಂಕುಳಲ್ಲಿಟ್ಟೆ. 102.4. ಈಗ ಇದು ಬರೀ ಅಂದಾಜಿಗೆ, ನಂಬಿಕೆ ಕಡ್ಡಿಯ ಮೇಲೆ.

100.4 ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್ ದಾಟಿದರೆ ಜ್ವರ. ಮೂರು ತಿಂಗಳೊಳಗಿನ ಮಗುವಿಗೆ ಅಷ್ಟಿದ್ದರೆ ಮನೆಮದ್ದು ಬೇಡ, ತಕ್ಷಣ ಡಾಕ್ಟರ್ ಹತ್ತಿರ ಹೋಗಿ. ಅಂಥ ಕೂಸಿಗೆ ಈ ಯಂತ್ರವನ್ನು ನಾನಂತೂ ನಂಬುವುದಿಲ್ಲ. ದೊಡ್ಡ ಮಕ್ಕಳಲ್ಲಿ ಅಂಕಿಗಿಂತ ಮಗು ಹೇಗಿದೆ ಅನ್ನೋದೇ ಜಾಸ್ತಿ ಮುಖ್ಯ. ಆಡುತ್ತಾ ನೀರು ಕುಡಿಯುತ್ತಿದ್ದರೆ ಸುಮ್ನೆ ಗಾಬರಿ ಬೇಡ. ಪ್ಯಾರಸಿಟಮಾಲ್ ಕೊಡುವುದಾದರೆ ವಯಸ್ಸಲ್ಲ, ತೂಕ ನೋಡಿ ಡಾಕ್ಟರ್ ಹೇಳಿದಷ್ಟೇ ಕೊಡಿ, ಎರಡು ಡೋಸ್ ನಡುವೆ ಕನಿಷ್ಠ 4 ಗಂಟೆ ಇರಲಿ. ಆಸ್ಪಿರಿನ್ ಬೇಡವೇ ಬೇಡ. ಉಸಿರಾಟ ಕಷ್ಟವಾದರೆ, ಫಿಟ್ಸ್ ಬಂದರೆ, ಕತ್ತು ಬಿಗಿದರೆ, ಎಬ್ಬಿಸಿದರೂ ಏಳದಿದ್ದರೆ, ಮೂತ್ರ ತೀರಾ ಕಡಿಮೆಯಾದರೆ ಯಾವ ಥರ್ಮಾಮೀಟರೂ ನೋಡುತ್ತಾ ಕೂರಬೇಡಿ, ಆಸ್ಪತ್ರೆಗೆ ಓಡಿ.

ಐದರಲ್ಲಿ ಎರಡೂವರೆ ಸ್ಟಾರ್. ಅರ್ಧ ಸ್ಟಾರ್ ಕತ್ತಲಲ್ಲೂ ಕಾಣುವ ಪರದೆಗೆ.