ಕೊಳಗ ನೋಡಲು ಮೂರು ಜಾಗ: ಬೆಂಗಳೂರು, ರಾಮನಗರ, ಮತ್ತೆ ಮದ್ದೂರಿನಾಚೆಯ ಒಂದು ಹಳ್ಳಿ

ಮೊದಲೇ ಹೇಳಿಬಿಡುತ್ತೇನೆ, ನನಗೆ ಇಷ್ಟವಾದದ್ದು ಮೂರನೆಯದು. ಹಳ್ಳಿಯ ಹಳೇ ಸ್ಕೂಲಿನ ಎರಡು ಕೋಣೆಯಲ್ಲಿ ಊರಿನವರೇ ಬಿಡುವು ಮಾಡಿಕೊಂಡು ನಡೆಸುವ ಪುಟ್ಟ ಮ್ಯೂಸಿಯಂ ಅದು. ಮೊದಲ ಸಲ ಹೋದಾಗ ಬಾಗಿಲಿಗೆ ಬೀಗ ಇತ್ತು. ಎರಡು ಗಂಟೆ ಕಾದು ವಾಪಸ್ ಬಂದೆವು. ಆದರೂ ಅದೇ ಇಷ್ಟ.

ಇದೆಲ್ಲ ಶುರುವಾದದ್ದು ಮನೆಯ ಕೊಳಗದಿಂದ, ಅಂದರೆ ಹಳೇ ಕಾಲದ ಅಳತೆಯ ಪಾತ್ರೆಯಿಂದ. ನಮ್ಮ ಮಾವನವರ ಊರು ಮಂಡ್ಯ ಕಡೆ. ಹಳೇ ಮನೆ ಖಾಲಿ ಮಾಡಿದಾಗ ಅಟ್ಟದ ಮೇಲಿದ್ದ ಕೊಳಗವನ್ನು ಕೆಂಗೇರಿಯ ನಮ್ಮ ಮನೆಗೆ ತಂದೆವು. ಏಳನೇ ಕ್ಲಾಸಿನ ಮಗಳು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದರಲ್ಲಿ ಎಷ್ಟು ಹಿಡಿಯುತ್ತೆ? ಇದರಲ್ಲಿ ಯಾರು, ಏನು ಅಳೀತಿದ್ರು?" ಎಂದು ಕೇಳಿದಳು. ಕಾಳು ಅಳೆಯುತ್ತಿದ್ದರು ಅನ್ನುವುದು ಬಿಟ್ಟು ನನಗೆ ಬೇರೆ ಏನೂ ಗೊತ್ತಿರಲಿಲ್ಲ. ಅವಳನ್ನು ಕರೆದುಕೊಂಡು ಮ್ಯೂಸಿಯಂ ಸುತ್ತೋಣ ಅಂದುಕೊಂಡೆ. ನಾಲ್ಕು ತಿಂಗಳಲ್ಲಿ ಮೂರು ಜಾಗ ನೋಡಿದೆವು.

ಮೊದಲು ಹೋದದ್ದು ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ. 1865ರಲ್ಲಿ ಶುರುವಾದ ಮ್ಯೂಸಿಯಂ ಇದು. ಈಗಿರುವ ಕೆಂಪು ಕಟ್ಟಡ 1877ರದ್ದು. ಕೆಂಗೇರಿಯಿಂದ ಮೆಟ್ರೋ ಹತ್ತಿದರೆ ಕಬ್ಬನ್ ಪಾರ್ಕ್ ಸ್ಟೇಷನ್, ಅಲ್ಲಿಂದ ನಡೆದೇ ಹೋಗಬಹುದು. ಖರ್ಚು ತುಂಬಾ ಕಡಿಮೆ. ವಿಗ್ರಹ, ಶಾಸನ, ನಾಣ್ಯ ಇರುವ ಜಾಗ ಅದು. ರಾಜರ ಕಥೆ ಬೇಕಿದ್ದವರಿಗೆ ಸರಿ. ನಮಗೆ ಬೇಕಿದ್ದದ್ದು ಕಣದ ಕಥೆ. ಒಂದು ಗಂಟೆಯಲ್ಲಿ ಹೊರಗೆ ಬಂದೆವು. ಅಲ್ಲಿ ಒಂದು ದೊಡ್ಡ ವಿಷಯವನ್ನು ಕಾಣದೇ ದಾಟಿಹೋಗಿದ್ದೆವು. ಅದನ್ನು ಆಮೇಲೆ ಹೇಳುತ್ತೇನೆ.

ಎರಡನೆಯದು ರಾಮನಗರದ ಜಾನಪದ ಲೋಕ. ಹಳೇ ಮೈಸೂರು ರಸ್ತೆಯಲ್ಲೇ ಇದೆ. ಎಕ್ಸ್‌ಪ್ರೆಸ್‌ವೇ ಹಿಡಿದರೆ ಸುಮ್ನೆ ದಾಟಿಹೋಗುತ್ತೀರಿ, ಹಳೇ ರಸ್ತೆಯಲ್ಲೇ ಹೋಗಿ. ಎಚ್.ಎಲ್. ನಾಗೇಗೌಡರು ಕಟ್ಟಿದ್ದು, 1994ರಲ್ಲಿ ಶುರುವಾಯಿತು. ಸುಮಾರು 15 ಎಕರೆ ಜಾಗ. ಇದನ್ನು ಕಡಿಮೆ ಅನ್ನಲು ನನಗೆ ಮನಸ್ಸಿಲ್ಲ. ಲೋಕಮಾತಾ ಮಂದಿರದಲ್ಲಿ ಅಡುಗೆಮನೆಯ ಸಾಮಾನು, ಬೀಸುವ ಕಲ್ಲು, ಮೊಸರು ಕಡೆಯುವ ಕಡೆಗೋಲು ಎಲ್ಲ ನೋಡಿ ಮಗಳು ಖುಷಿಪಟ್ಟಳು. ಲೋಕಮಹಲ್‌ನಲ್ಲಿ ಸೋಮನ ಕುಣಿತದ ಮುಖಗಳು, ತೊಗಲುಗೊಂಬೆಗಳು ಇವೆ. ಆಯಗಾರಮಾಳದಲ್ಲಿ ಕುಂಬಾರ, ಕಮ್ಮಾರರಂಥ ಕಸುಬಿನವರ ಸಲಕರಣೆ. ಶಾಲೆಯ ಮಕ್ಕಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗುವುದಾದರೆ ಇದಕ್ಕಿಂತ ಒಳ್ಳೆಯ ಜಾಗ ಹತ್ತಿರದಲ್ಲಿ ಇಲ್ಲ. ಮಂಗಳವಾರ ರಜೆ. ಉಳಿದ ದಿನ ಹೋದರೆ ತೆರೆದಿರುತ್ತದೆ ಎಂಬ ನೆಮ್ಮದಿ ಇರುತ್ತದೆ. ಆ ನೆಮ್ಮದಿಯ ಬೆಲೆ ಮೂರನೆಯ ಜಾಗಕ್ಕೆ ಹೋದಾಗ ಗೊತ್ತಾಯಿತು.

ಅಲ್ಲಿ ನಮ್ಮ ಕೊಳಗದಂಥದ್ದೇ ಒಂದು ಕಂಡಿತು. ಮಗಳು ಕುಣಿದಾಡಿದಳು. ಆದರೆ ಅವಳ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ನಾವು ಹೋದ ದಿನ ಜನ ಜಾಸ್ತಿ ಇದ್ದರು, ನಿಂತು ಯಾರನ್ನಾದರೂ ಕೇಳುವ ಹಾಗೆ ಇರಲಿಲ್ಲ.

ಇನ್ನು ಮೂರನೆಯದು. ಊರಿನ ಹೆಸರು ಬರೆಯುತ್ತಿಲ್ಲ. ಸಂಬಳ ಇಲ್ಲದೆ, ತಮ್ಮ ಕೆಲಸದ ನಡುವೆ ನಡೆಸುವವರು ಅವರು. ಬಾಗಿಲು ಹಾಕಿದ್ದರು ಎಂಬ ಮಾತು ಅವರ ಹೆಸರಿನ ಜೊತೆ ಓಡಾಡುವುದು ನನಗೆ ಬೇಡ.

ಅವತ್ತು ಭಾನುವಾರ. ಮ್ಯಾಪ್‌ನಲ್ಲಿ "ತೆರೆದಿದೆ" ಎಂದಿತ್ತು. ಮದ್ದೂರು ದಾಟಿ, ನಾಲೆ ಏರಿಯ ಪಕ್ಕದ ರಸ್ತೆ ಹಿಡಿದು ಹನ್ನೊಂದು ಗಂಟೆಗೆ ತಲುಪಿದೆವು. ಬಾಗಿಲಿಗೆ ಬೀಗ. ಪಕ್ಕದ ಗೋಡೆಯ ಮೇಲೆ ಫೋನ್ ನಂಬರ್ ಬರೆದಿತ್ತು, ಕೊನೆಯ ಎರಡು ಅಂಕಿ ಮಳೆಗೆ ಅಳಿಸಿಹೋಗಿತ್ತು. ಮ್ಯಾಪ್‌ನಲ್ಲಿದ್ದ ನಂಬರಿಗೆ ಮಾಡಿದರೆ ಬೇರೆ ಯಾರೋ ಎತ್ತಿದರು. ಟೀ ಅಂಗಡಿಯಲ್ಲಿ ಕೇಳಿದೆ. "ಕೀಲಿಕೈ ಮೇಷ್ಟ್ರ ಹತ್ರ ಅದೆ ಕಣಕ್ಕ, ಅವ್ರು ಬೀಗರೂಟಕ್ಕೆ ಹೋಗವ್ರೆ. ಇನ್ನೊಂದು ನಮ್ ಹುಡ್ಗನ ಹತ್ರ ಅದೆ, ಅವ್ನು ಗದ್ದೇಲವ್ನೆ" ಅಂದರು. ಗದ್ದೆಗೆ ಒಬ್ಬರು ಹೋಗಿ ಬಂದರು. ಹುಡುಗ ಅಲ್ಲಿಂದ ಟ್ರ್ಯಾಕ್ಟರ್ ತಗೊಂಡು ಮದ್ದೂರಿಗೆ ಹೋಗಿದ್ದನಂತೆ.

ಟೀ ಅಂಗಡಿಯವರು ಕುರ್ಚಿ ಹಾಕಿ ಕೊಟ್ಟರು. ಮಗಳಿಗೆ ಎಳನೀರು ಕೊಡಿಸಿದರು, ದುಡ್ಡು ತಗೊಳ್ಳಲಿಲ್ಲ. ಇಷ್ಟೆಲ್ಲ ಇದ್ದರೂ ಬೇಜಾರು ಬೇಜಾರೇ. ಪೆಟ್ರೋಲ್, ಟೋಲ್, ಒಂದು ರಜೆ ದಿನ, ಎಲ್ಲ ಹೋಯಿತು. ಗಂಡ ದಾರಿಯುದ್ದಕ್ಕೂ ಮಾತಾಡಲಿಲ್ಲ. ನನಗೂ ಸಿಟ್ಟು ಬಂದಿತ್ತು. ವಾರಕ್ಕೆ ಒಂದು ದಿನ, ಎರಡು ಗಂಟೆ ತೆರೆದರೂ ಸಾಕು, ಆ ಎರಡು ಗಂಟೆ ಯಾವುದು ಎಂದು ಬರೆದಿಡಬೇಕು. ಗೋಡೆಯ ನಂಬರನ್ನು ವರ್ಷಕ್ಕೊಮ್ಮೆ ಬಣ್ಣದಲ್ಲಿ ತಿದ್ದಬೇಕು. ಇದಕ್ಕೆ ದುಡ್ಡು ಬೇಕಿಲ್ಲ. ಎರಡನೇ ಸಲ ಹೋದಾಗ ಇದನ್ನು ಮೇಷ್ಟ್ರಿಗೆ ನೇರವಾಗಿಯೇ ಹೇಳಿದೆ. ಅವರು ಕೇಳಿಸಿಕೊಂಡು, ಅಲ್ಲೇ ಇದ್ದ ಹುಡುಗನಿಗೆ ನಂಬರ್ ತಿದ್ದಿಸಲು ಹೇಳಿದರು.

ನಾನು ಕಲಿತದ್ದು ಇಷ್ಟು. ಟೀ ಅಂಗಡಿಯಲ್ಲಿ ಮೇಷ್ಟ್ರ ನಂಬರ್ ಇಸಕೊಂಡು ಬಂದಿದ್ದೆ. ಗುರುವಾರ ಸಂಜೆ ಏಳರ ಮೇಲೆ ಫೋನ್ ಮಾಡಿದೆ, ಆ ಹೊತ್ತಿಗೆ ಹಳ್ಳಿಯಲ್ಲಿ ಎಲ್ಲರೂ ಮನೆಯಲ್ಲಿರುತ್ತಾರೆ. ಶನಿವಾರ ಮತ್ತೆ ಮಾಡಿದೆ. "ತೆರೆದಿರುತ್ತಾ?" ಎಂದು ಕೇಳಲಿಲ್ಲ. "ನಾಳೆ ಹತ್ತೂವರೆಗೆ ನಾವು ನಾಲ್ಕು ಜನ ಬರ್ತೀವಿ, ಯಾರು ಇರ್ತಾರೆ?" ಎಂದು ಕೇಳಿದೆ. ಹಾಗೆ ಕೇಳಿದಾಗ ಕೀಲಿಕೈ ಯಾರ ಹತ್ತಿರ ಇರಬೇಕು ಎಂಬುದು ಅಲ್ಲೇ ತೀರ್ಮಾನವಾಯಿತು. ಮದುವೆ ಸೀಸನ್‌ನಲ್ಲಿ ಭಾನುವಾರ ಹೋಗಬೇಡಿ. ಊರ ಹಬ್ಬ, ನಾಟಿ, ಕೊಯ್ಲು, ಇವನ್ನೂ ಬಿಟ್ಟು ಹೋಗಿ. ಟಾರ್ಚ್ ಇಟ್ಟುಕೊಳ್ಳಿ. ನಾವು ಹೋದ ದಿನ ಕರೆಂಟ್ ಇರಲಿಲ್ಲ.

ಒಳಗೆ ಹೋದರೆ ಗಾಜಿನ ಪೆಟ್ಟಿಗೆ ಇಲ್ಲ. ಕಬ್ಬಿನ ಗಾಣದ ಮರದ ಉರುಳೆ, ಆಲೆಮನೆಯ ಕೊಪ್ಪರಿಗೆ, ಎತ್ತು ಕಟ್ಟಿ ಬಾವಿಯಿಂದ ನೀರೆತ್ತುವ ಕಪಿಲೆಯ ಹರಿದ ಚರ್ಮದ ಚೀಲ. ಶಾನುಭೋಗರ ಮನೆಯಿಂದ ಬಂದ ಒಂದು ಕಡತ ಇತ್ತು. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲಪುಡಿ ಹಚ್ಚಿ, ಕಪ್ಪು ಹಲಗೆಯಂತೆ ಮಾಡಿ, ಮಡಿಸಿಟ್ಟು ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಅದನ್ನು ಮಗಳ ಕೈಗೇ ಕೊಟ್ಟರು. ಗೋಡೆಯ ಮೇಲೆ ನಾಲೆ ಬರುವುದಕ್ಕೆ ಮುಂಚಿನ ಊರಿನ ನಕ್ಷೆ, ಮೇಷ್ಟ್ರು ತಾವೇ ಹಿರಿಯರನ್ನು ಕೇಳಿ ಬರೆದದ್ದು. ಇರ್ವಿನ್ ನಾಲೆ, ಈಗಿನ ವಿಶ್ವೇಶ್ವರಯ್ಯ ನಾಲೆ, ಬಂದ ಮೇಲೆ ಯಾವ ಹೊಲ ಗದ್ದೆಯಾಯಿತು, ಯಾವುದು ಕಬ್ಬಾಯಿತು ಎಂದು ಬಣ್ಣದಲ್ಲಿ ಗುರುತು ಹಾಕಿದ್ದರು. ಮಂಡ್ಯದ ಸಕ್ಕರೆ ಕಾರ್ಖಾನೆ 1933ರದ್ದು. ಅದರ ಮುಂಚೆ ಈ ಊರು ರಾಗಿಯ ಊರು ಎಂದರು.

ನಾವು ನಮ್ಮ ಕೊಳಗವನ್ನೂ ತಗೊಂಡು ಹೋಗಿದ್ದೆವು. ಮೇಷ್ಟ್ರು ಅದನ್ನು ನೋಡಿ, "ಇದ್ಕೆ ಎಷ್ಟು ಸೇರು ಹಿಡಿತದೆ ಮಗಾ?" ಎಂದು ಅವಳನ್ನೇ ಕೇಳಿದರು. ಗೊತ್ತಿಲ್ಲ ಅಂದಳು. ಪಕ್ಕದ ಮನೆಯಿಂದ ರಾಗಿ ತರಿಸಿದರು. ಅವರ ಹತ್ತಿರ ಸರ್ಕಾರಿ ಮುದ್ರೆ ಇದ್ದ ಹಳೇ ಸೇರು ಇತ್ತು. ಜಗಲಿಯ ಮೇಲೆ ಚಾಪೆ ಹಾಸಿ ಮಗಳ ಕೈಯಲ್ಲೇ ಅಳೆಸಿದರು. ಅವಳು "ಒಂದು" ಅಂದಳು. "ಒಂದು ಅನ್ಬಾರ್ದು. ಲಾಭ ಅನ್ಬೇಕು. ಲಾಭ, ಎರಡು, ಮೂರು" ಎಂದು ಹೇಳಿಕೊಟ್ಟರು. ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಅಳತೆಗೆ ಹಾಗೇ ಹೇಳಬೇಕಂತೆ. ನಮ್ಮ ಕೊಳಗಕ್ಕೆ ಎಂಟು ಸೇರು ಹಿಡಿಯಿತು. ಅಲ್ಲಿದ್ದ ಇನ್ನೊಂದು ಕೊಳಗ ಇದಕ್ಕಿಂತ ಚಿಕ್ಕದು. ಊರೂರಿಗೆ ಕೊಳಗದ ಅಳತೆ ಬೇರೆ, 20 ಕೊಳಗಕ್ಕೆ ಒಂದು ಖಂಡುಗ ಅನ್ನುವ ಲೆಕ್ಕ ಮಾತ್ರ ಒಂದೇ ಎಂದರು. ಊರಿಗೆ ಕೆಲಸ ಮಾಡಿಕೊಡುವ ಕುಂಬಾರ, ಕಮ್ಮಾರರಂಥ ಆಯಗಾರರಿಗೆ ಬೆಳೆಯಲ್ಲಿ ಸಲ್ಲುವ ಪಾಲನ್ನು, ರಾಶಿಯನ್ನು ಮನೆಗೆ ಸಾಗಿಸುವ ಮುಂಚೆ ಕಣದಲ್ಲೇ ಅಳೆದು ಕೊಡುತ್ತಿದ್ದರಂತೆ. ರಾಮನಗರದ ಆಯಗಾರಮಾಳದಲ್ಲಿ ನೋಡಿದ ಸಲಕರಣೆಗಳೆಲ್ಲ ಆಗ ನನ್ನ ಕಣ್ಣಮುಂದೆ ಬಂದವು.

ಹೊರಡುವಾಗ ಮೇಷ್ಟ್ರು ಕೇಳಿದರು. "ನಮ್ ಆತಕೂರಿನ ಕಲ್ಲು ನಿಮ್ ಬೆಂಗಳೂರಲ್ಲೇ ಅದೆ. ನೋಡಿದ್ದೀರಾ?"

ಮ್ಯೂಸಿಯಂಗೆ ಹೋಗಿದ್ದೆವು, ಕಲ್ಲನ್ನು ನೋಡಿರಲಿಲ್ಲ. ಮುಂದಿನ ಶನಿವಾರವೇ ಕಸ್ತೂರ್ಬಾ ರಸ್ತೆಗೆ ಮತ್ತೆ ಹೋದೆವು. ಆತಕೂರು ಮದ್ದೂರು ತಾಲ್ಲೂಕಿನ ಊರು. ಕಲ್ಲು ಸುಮಾರು 950ನೇ ಇಸವಿಯದ್ದು. ಚೋಳರ ಮೇಲಿನ ತಕ್ಕೋಲದ ಯುದ್ಧದಲ್ಲಿ ಮಣಲೇರ ಎಂಬ ವೀರ ಚೆನ್ನಾಗಿ ಹೋರಾಡಿದ. ಏನು ಬೇಕು ಕೇಳು ಎಂದು ಗಂಗರ ದೊರೆ ಬೂತುಗ ಹೇಳಿದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಒಂದು ದೊಡ್ಡ ಹಂದಿಯ ಜೊತೆ ಕಾದಾಡಿ, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನೆಟ್ಟು, ಪೂಜೆಗೆ ಭೂಮಿ ಬಿಟ್ಟರು. ನಾಯಿ ಮತ್ತು ಹಂದಿ ಸೆಣಸುವ ಚಿತ್ರ ಕಲ್ಲಿನ ಮೇಲೇ ಇದೆ. ಮಗಳು ಅರ್ಧ ಗಂಟೆ ಅಲ್ಲೇ ನಿಂತಳು. ಮೊದಲ ಸಲ ನಾವು ಇದನ್ನೇ ದಾಟಿಹೋಗಿದ್ದೆವು. ಹಳ್ಳಿಗೆ ಹೋಗಿ ಬಂದ ಮೇಲೆ ದೊಡ್ಡ ಮ್ಯೂಸಿಯಂ ಕೂಡ ನಮ್ಮದು ಅನ್ನಿಸಿತು.

ಖರ್ಚಿನ ಮಾತು. ಹಳ್ಳಿಯಲ್ಲಿ ಟಿಕೆಟ್ ಇಲ್ಲ. ಡಬ್ಬಿ ಇಟ್ಟಿದ್ದಾರೆ, 200 ರೂಪಾಯಿ ಹಾಕಿದೆ, ಹುಡುಗ ರಸೀದಿ ಬರೆದು ಕೊಟ್ಟ. ಆದರೆ ಕಾರಿನ ಖರ್ಚು ಸೇರಿಸಿದರೆ ಮೂರರಲ್ಲಿ ಇದೇ ದುಬಾರಿ, ಅದರಲ್ಲೂ ನಮ್ಮ ಹಾಗೆ ಎರಡು ಸಲ ಹೋದರೆ.

ಶೌಚಾಲಯ: ಜಾನಪದ ಲೋಕದಲ್ಲಿ ತೊಂದರೆ ಇಲ್ಲ. ಹಳ್ಳಿಯಲ್ಲಿ ಮೇಷ್ಟ್ರ ಮನೆಗೇ ಹೋಗಬೇಕು.

ಕಾರಿಲ್ಲದವರು, ಒಂದೇ ದಿನ ಇರುವವರು, ಚಿಕ್ಕ ಮಕ್ಕಳಿರುವವರು ಜಾನಪದ ಲೋಕಕ್ಕೇ ಹೋಗಿ. ನಾನು ಬೋರ್ಡ್ ಓದುವುದಕ್ಕಿಂತ ಜನರನ್ನು ಕೇಳಿ ತಿಳಿಯುವವಳು. ನನ್ನ ಮಗಳೂ ಹಾಗೇ. ಎರಡು ಸಲ ಫೋನ್ ಮಾಡುವ ತಾಳ್ಮೆ ನನಗಿದೆ. ಹಾಗಾಗಿ ನಮ್ಮ ಮನೆಗೆ ಹಳ್ಳಿಯದೇ ಸರಿ.

ಸಂಕ್ರಾಂತಿ ಕಳೆದ ಮೇಲೆ ಮತ್ತೆ ಹೋಗುತ್ತೇವೆ. ಈ ಸಲ ಮಾವನವರೂ ಬರುತ್ತಾರೆ. ಕೊಳಗವನ್ನು ಯಾರು ಮಾಡಿಸಿದ್ದು, ಯಾವ ಕಣದಲ್ಲಿ ಇತ್ತು ಎಂದು ಅವರನ್ನು ಕೇಳಿ ಬರೆದುಕೊಳ್ಳಬೇಕು ಎಂದು ಮೇಷ್ಟ್ರು ಹೇಳಿದ್ದಾರೆ. ಮಗಳು ಅದಕ್ಕೆ ಒಂದು ನೋಟ್‌ಬುಕ್ ತೆಗೆದಿಟ್ಟಿದ್ದಾಳೆ. ಗುರುವಾರ ಸಂಜೆ ಫೋನ್ ಮಾಡಬೇಕು.